ವಸಡು ಮತ್ತು ಹೃದಯ: ನಂಟು ಎಷ್ಟು, ಅಂತೆಕಂತೆ ಎಷ್ಟು?

ಓದುಗರ ಪ್ರಶ್ನೆಗಳಿಗೆ ವಸಡು ಮತ್ತು ಹೃದ್ರೋಗ ತಜ್ಞರ ಉತ್ತರ

ಪ್ರಶ್ನೆ: ನನಗೆ 52 ವರ್ಷ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತದೆ. ತಂದೆಗೆ ಹೃದಯಾಘಾತವಾಗಿತ್ತು. ‘ವಸಡಿನ ಕ್ರಿಮಿ ನೇರವಾಗಿ ಹೃದಯಕ್ಕೆ ಹೋಗಿ ಬ್ಲಾಕ್ ಮಾಡುತ್ತದೆ, ಹಲ್ಲು ಕ್ಲೀನ್ ಮಾಡಿಸಿದರೆ ಹಾರ್ಟ್ ಅಟ್ಯಾಕ್ ಬರಲ್ಲ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಿಜವೇ?
– ಓದುಗರು, ತುಮಕೂರು

ಉತ್ತರ: ಮೊದಲ ಮಾತಿನಲ್ಲಿ ಅರ್ಧ ಸತ್ಯವಿದೆ. ಎರಡನೆಯದಕ್ಕೆ ಪುರಾವೆಯೇ ಇಲ್ಲ.

1989ರಲ್ಲಿ ಫಿನ್ಲೆಂಡಿನ ವೈದ್ಯರು ಹೃದಯಾಘಾತವಾದವರ ಬಾಯಿಯನ್ನೂ ಆಗದವರ ಬಾಯಿಯನ್ನೂ ಹೋಲಿಸಿ ನೋಡಿದರು. ಆಘಾತವಾದವರ ಹಲ್ಲು, ವಸಡು ಹೆಚ್ಚು ಕೆಟ್ಟಿದ್ದವು. ಆಮೇಲೆ ಹಲವು ದೇಶಗಳ ಅಧ್ಯಯನಗಳಲ್ಲೂ ಇದೇ ನಂಟು ಕಂಡಿತು. ಆದರೆ ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ, ಬಡತನ, ವಯಸ್ಸು ಇವೆಲ್ಲ ವಸಡನ್ನೂ ಕೆಡಿಸುತ್ತವೆ, ರಕ್ತನಾಳವನ್ನೂ ಕೆಡಿಸುತ್ತವೆ. ಎರಡು ಮನೆಗೆ ಒಬ್ಬನೇ ಕಳ್ಳ ನುಗ್ಗಿದ್ದರೆ, ಒಂದು ಮನೆಯವರು ಇನ್ನೊಂದು ಮನೆಯವರನ್ನು ದೂರಿ ಏನು ಫಲ? ಈ ಅಂಶಗಳನ್ನೆಲ್ಲ ಲೆಕ್ಕದಿಂದ ಕಳೆದ ಮೇಲೂ ನಂಟು ಸ್ವಲ್ಪ ಉಳಿಯುತ್ತದೆ ಎಂದು ಅಮೆರಿಕದ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಒಪ್ಪಿಕೊಂಡಿತು. ಆದರೆ ವಸಡು ರೋಗವೇ ಹೃದ್ರೋಗಕ್ಕೆ ಕಾರಣ ಎನ್ನಲು, ಅಥವಾ ವಸಡಿಗೆ ಚಿಕಿತ್ಸೆ ಕೊಟ್ಟರೆ ಹೃದಯಾಘಾತ ತಪ್ಪುತ್ತದೆ ಎನ್ನಲು ಪುರಾವೆ ಸಾಲದು ಎಂದೂ ಅದೇ ಹೇಳಿಕೆಯಲ್ಲಿ ಬರೆಯಿತು.

ವಸಡಿನ ಕ್ರಿಮಿಗಳ ಡಿಎನ್‌ಎ ರಕ್ತನಾಳದ ಕೊಬ್ಬಿನ ಗಡ್ಡೆಗಳಲ್ಲಿ ಸಿಕ್ಕಿರುವುದು ನಿಜ. ಸಿಕ್ಕ ಮಾತ್ರಕ್ಕೆ ಗಡ್ಡೆ ಕಟ್ಟಿದ್ದು ಅವೇ ಎಂದಾಗುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಸುಳಿವು ಸಿಕ್ಕಿದ್ದು 2007ರ ಒಂದು ಪ್ರಯೋಗದಲ್ಲಿ. ತೀವ್ರ ವಸಡು ರೋಗವಿದ್ದ 120 ಜನರಲ್ಲಿ ಅರ್ಧದಷ್ಟು ಮಂದಿಗೆ ಆಳವಾದ ಚಿಕಿತ್ಸೆ, ಉಳಿದವರಿಗೆ ಮಾಮೂಲು ಕ್ಲೀನಿಂಗ್ ಮಾಡಿ, ತೋಳಿನ ರಕ್ತನಾಳ ಎಷ್ಟು ಹಿಗ್ಗುತ್ತದೆ ಎಂದು ಅಲ್ಟ್ರಾಸೌಂಡ್‌ನಲ್ಲಿ ಅಳೆದರು. ಆಳವಾದ ಚಿಕಿತ್ಸೆಯಾದ ಮರುದಿನ ನಾಳದ ಹಿಗ್ಗುವಿಕೆ ಕಡಿಮೆಯಾಗಿತ್ತು, ಉರಿಯೂತದ ಗುರುತುಗಳು ಏರಿದ್ದವು. ಆರು ತಿಂಗಳಿಗೆ ಅದೇ ನಾಳ ಮಾಮೂಲು ಗುಂಪಿನವರಿಗಿಂತ ಚೆನ್ನಾಗಿ ಹಿಗ್ಗುತ್ತಿತ್ತು. ಅಂದರೆ ವಸಡಿನ ಉರಿ ಇಳಿದರೆ ರಕ್ತನಾಳದ ಒಳಪದರಕ್ಕೆ ಅನುಕೂಲವಿದೆ. ಅದರಿಂದ ಆಘಾತಗಳ ಸಂಖ್ಯೆ ಇಳಿಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. 2021ರಲ್ಲಿ ಪೆಟ್ ಸ್ಕ್ಯಾನ್ ಬಳಸಿ 304 ಜನರ ವಸಡು ಮತ್ತು ರಕ್ತನಾಳಗಳ ಉರಿಯೂತವನ್ನು ಅಳೆದು ಕೆಲವು ವರ್ಷ ಗಮನಿಸಿದ ಅಧ್ಯಯನ ಬಂತು. ವಸಡು ಉರಿಯುತ್ತಿದ್ದವರಲ್ಲಿ ಹೃದಯದ ತೊಂದರೆ ಹೆಚ್ಚು ಕಂಡಿತು. ಕೇಳಲು ಭರ್ಜರಿ. ಆದರೆ ತೊಂದರೆಯಾದವರು ಒಟ್ಟು 13 ಮಂದಿ. ಅಷ್ಟು ಸಣ್ಣ ಸಂಖ್ಯೆಯಲ್ಲಿ ಇಬ್ಬರು ಆಚೀಚೆಯಾದರೂ ಲೆಕ್ಕ ಬದಲಾಗುತ್ತದೆ.

ಖಚಿತ ಉತ್ತರ ಬೇಕಾದರೆ ಸಾವಿರಾರು ಜನರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವರ್ಷಗಟ್ಟಲೆ ವಸಡಿನ ಚಿಕಿತ್ಸೆ ಕೊಡದೆ ಇರಬೇಕು. ರೋಗವಿದೆ ಎಂದು ಗೊತ್ತಿದ್ದೂ ಹಾಗೆ ಬಿಡುವುದು ನ್ಯಾಯವಲ್ಲ. ಪ್ರಯೋಗ ನಡೆಯದಿರಲು ಮುಖ್ಯ ಅಡ್ಡಿ ಇದೇ.

ಆದ್ದರಿಂದ ನೀವು ವಸಡಿಗೆ ಚಿಕಿತ್ಸೆ ಪಡೆಯಿರಿ, ಹಲ್ಲು ಉಳಿಸಿಕೊಳ್ಳಲು. ಹೃದಯಕ್ಕಾಗಿ ಬಿಪಿ, ಸಕ್ಕರೆ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) ಪರೀಕ್ಷಿಸಿಕೊಳ್ಳಿ. ತಂದೆಗೆ ಆಘಾತವಾದಾಗ 55 ದಾಟಿರಲಿಲ್ಲವಾದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಇನ್ನೊಂದು ಎಚ್ಚರಿಕೆ: ಬೀಡಿ, ಸಿಗರೇಟು ಸೇದುವವರ ವಸಡಿನಲ್ಲಿ ಸಣ್ಣ ನಾಳಗಳು ಕುಗ್ಗಿರುವುದರಿಂದ ರೋಗ ಮುಂದುವರಿದಿದ್ದರೂ ರಕ್ತ ಬರುವುದು ಕಡಿಮೆ. ‘ನನಗೆ ರಕ್ತವೇ ಬರಲ್ಲ’ ಎನ್ನುವ ಧೂಮಪಾನಿಗೆ ಅದು ಸಮಾಧಾನದ ಮಾತಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ ಹತ್ತು ವರ್ಷದಿಂದ ಶುಗರ್ ಇದೆ. ವಸಡು ಕೆಳಗಿಳಿದಿದೆ, ಬಾಯಿ ವಾಸನೆ ಬರುತ್ತದೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತದೆ ಎಂದು ಹೆದರುತ್ತಾರೆ. ಅಲ್ಲಿ ಏನು ಮಾಡುತ್ತಾರೆ?
– ಓದುಗರು, ಹಾವೇರಿ

ಉತ್ತರ: ಹಲ್ಲು ಈಗಾಗಲೇ ಅಲ್ಲಾಡುತ್ತಿರುತ್ತದೆ. ಗಟ್ಟಿಯಾದ ಪಾಚಿ ಗಾರೆಯ ಹಾಗೆ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಅದನ್ನು ತೆಗೆದಾಗ ಒಳಗೆ ಮೂಳೆ ಕರಗಿರುವುದು ಬೆಳಕಿಗೆ ಬರುತ್ತದೆ, ಅಷ್ಟೆ. ಊದಿದ ವಸಡು ಇಳಿದು ಹಲ್ಲಿನ ನಡುವೆ ಸಂದು ಕಾಣುವುದು, ಒಂದೆರಡು ವಾರ ತಣ್ಣೀರಿಗೆ ಜುಮ್ಮೆನ್ನುವುದು ಸಹಜ.

ಮೊದಲು ಮಿಲಿಮೀಟರ್ ಗುರುತಿರುವ ಪ್ರೋಬ್ ಎಂಬ ಸಣ್ಣ ಕಡ್ಡಿಯನ್ನು ವಸಡು ಮತ್ತು ಹಲ್ಲಿನ ನಡುವೆ ಇಳಿಸಿ, ಪ್ರತಿ ಹಲ್ಲಿಗೂ ಆರು ಕಡೆ ಆಳ ನೋಡುತ್ತಾರೆ. 1ರಿಂದ 3 ಮಿ.ಮೀ. ಇದ್ದರೆ ಸರಿ. 4 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಅದು ಪಾಕೆಟ್. 6 ದಾಟಿದರೆ ಬ್ರಶ್ ಮುಟ್ಟದ, ಕ್ರಿಮಿಗಳು ನಿಶ್ಚಿಂತೆಯಾಗಿರುವ ಬಾವಿ. ಎಕ್ಸ್‌ರೇಯಲ್ಲಿ ಮೂಳೆ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಅಳತೆ ಬರೆದಿಡದೆ ಬರೀ ಹಲ್ಲು ಹೊಳೆಯುವಂತೆ ಮಾಡಿ ಕಳಿಸಿದರೆ ಅದು ವಸಡು ರೋಗದ ಚಿಕಿತ್ಸೆಯಲ್ಲ. ಈ ಚಾರ್ಟ್ ಕೇಳಿ ಪಡೆಯಿರಿ.

ಆಮೇಲೆ ಅಲ್ಟ್ರಾಸಾನಿಕ್ ತುದಿಯಿಂದ ವಸಡಿನ ಮೇಲಿನ ಪಾಚಿಯನ್ನು ತೆಗೆಯುತ್ತಾರೆ. ಪಾಕೆಟ್ ಇರುವ ಕಡೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಬೇರಿನ ಮೇಲಿನದನ್ನೂ ಕೆರೆದು ತೆಗೆಯುತ್ತಾರೆ. ಇದು ಒಂದೇ ದಿನದಲ್ಲಿ ಮುಗಿಯದೆ ಎರಡರಿಂದ ನಾಲ್ಕು ಭೇಟಿ ಹಿಡಿಯಬಹುದು. ಎರಡು-ಮೂರು ತಿಂಗಳಿಗೆ ಮತ್ತೆ ಅಳೆದಾಗಲೂ ಆಳವಾದ ಪಾಕೆಟ್ ಉಳಿದು ರಕ್ತ ಬರುತ್ತಿದ್ದರೆ ಮಾತ್ರ ವಸಡು ಬಿಡಿಸಿ ಮಾಡುವ ಫ್ಲಾಪ್ ಸರ್ಜರಿಯ ಮಾತು. ಬಳಿಕ ಮೂರು ತಿಂಗಳಿಗೊಮ್ಮೆ ತಪಾಸಣೆ. ಹೆಚ್ಚಿನವರು ಎಡವುವುದು ಇಲ್ಲೇ: ನೋವಿಲ್ಲ ಎಂದು ಒಂದೂವರೆ ವರ್ಷ ಬರುವುದೇ ಇಲ್ಲ, ಅಷ್ಟರಲ್ಲಿ ಬಾವಿ ಮತ್ತೆ ತೋಡಿಕೊಂಡಿರುತ್ತದೆ.

ಶುಗರ್ ವಿಚಾರದಲ್ಲಿ ಪುರಾವೆ ಹೃದಯಕ್ಕಿಂತ ಗಟ್ಟಿಯಾಗಿದೆ. ವಸಡಿನ ಚಿಕಿತ್ಸೆಯಾದ ಮೂರು-ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸಕ್ಕರೆಯ ಅಳತೆ) ಸರಾಸರಿ 0.4ರಷ್ಟು ಇಳಿಯುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2022ರ ವಿಶ್ಲೇಷಣೆ ತೋರಿಸಿದೆ. 8.4 ಇದ್ದದ್ದು 8.0 ಆಗಬಹುದು. ಮಾತ್ರೆ ಬಿಡುವಷ್ಟಲ್ಲ, ಕಡೆಗಣಿಸುವಷ್ಟೂ ಅಲ್ಲ. ಚಿಕಿತ್ಸೆಯ ದಿನ ತಿಂಡಿ ತಿಂದು, ಮಾತ್ರೆ ನುಂಗಿ ಬೆಳಗಿನ ಹೊತ್ತೇ ಹೋಗಲಿ. ಖಾಲಿ ಹೊಟ್ಟೆಯಲ್ಲಿ ಕುರ್ಚಿ ಮೇಲೆ ಕುಳಿತು ಸಕ್ಕರೆ ಇಳಿದು ಬೆವರುವವರೇ ಹೆಚ್ಚು.

ಮನೆಯಲ್ಲಿ ಮೆತ್ತನೆಯ ಬ್ರಶ್ಶನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು ಎರಡು ನಿಮಿಷ ಉಜ್ಜಲಿ. ಸಂದು ದೊಡ್ಡದಾದವರಿಗೆ ದಾರಕ್ಕಿಂತ ಸಂದಿನ ಬ್ರಶ್ ಒಳ್ಳೆಯದು. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಬೇಡ: ವಸಡು ಇಳಿದು ಬರಿದಾದ ಬೇರು ಎನಾಮಲ್‌ಗಿಂತ ಮೆದು, ಬೇಗ ಸವೆಯುತ್ತದೆ. ಕ್ಲೋರ್‌ಹೆಕ್ಸಿಡಿನ್ ನೀರು (0.2%, 10 ಮಿ.ಲೀ., ದಿನಕ್ಕೆರಡು ಸಲ) ಎರಡು ವಾರ ಸಾಕು. ಅದನ್ನೇ ಮುಂದುವರಿಸಿದರೆ ಹಲ್ಲು ಕಂದುತ್ತದೆ, ನಾಲಿಗೆಗೆ ರುಚಿ ಕೆಡುತ್ತದೆ. ಪೇಸ್ಟ್ ಬಳಸಿದ ಕೂಡಲೇ ಮುಕ್ಕಳಿಸಿದರೆ ಅದರ ಶಕ್ತಿ ಕುಂದುತ್ತದೆ, ಅರ್ಧ ಗಂಟೆ ಬಿಡಬೇಕು.

ಪ್ರಶ್ನೆ: ಅಮ್ಮನಿಗೆ ಮೆಕ್ಯಾನಿಕಲ್ ವಾಲ್ವ್ ಹಾಕಿ ಆರು ವರ್ಷವಾಯಿತು. ಅಸಿಟ್ರಾಮ್ ತೆಗೆದುಕೊಳ್ಳುತ್ತಾರೆ. ಎರಡು ಹಲ್ಲು ಕೀಳಬೇಕಂತೆ. ಮಾತ್ರೆ ಐದು ದಿನ ನಿಲ್ಲಿಸಲು ನೆಂಟರೊಬ್ಬರು ಹೇಳುತ್ತಿದ್ದಾರೆ. ಏನು ಮಾಡಲಿ?
– ಓದುಗರು, ಶಿವಮೊಗ್ಗ

ಉತ್ತರ: ನಿಲ್ಲಿಸಬೇಡಿ. ಅಸಿಟ್ರಾಮ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಹಲ್ಲಿನ ಕುಳಿಯಲ್ಲಿ ಬರುವ ರಕ್ತವನ್ನು ಒತ್ತಿ, ಹೊಲಿದು ನಿಲ್ಲಿಸಬಹುದು. ಲೋಹದ ವಾಲ್ವ್ ಮೇಲೆ ಹೆಪ್ಪುಗಟ್ಟಿದ ರಕ್ತವನ್ನು ಹಾಗೆ ಸುಲಭವಾಗಿ ಬಿಡಿಸಲಾಗದು. ಅದು ಮಿದುಳಿಗೆ ಹೋದರೆ ಪಾರ್ಶ್ವವಾಯು.

ಇಲ್ಲಿ ಎರಡು ಕೆಲಸಗಳಿವೆ, ಒಂದನ್ನು ಮಾಡಿ ಇನ್ನೊಂದನ್ನು ಮರೆಯುವುದೇ ಸಾಮಾನ್ಯ ತಪ್ಪು.

ಮೊದಲನೆಯದು ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಅಳತೆ. ಹಲ್ಲು ಕೀಳುವ ಹಿಂದಿನ ದಿನ, ಸಾಧ್ಯವಾದರೆ ಅದೇ ಬೆಳಿಗ್ಗೆ ಪರೀಕ್ಷಿಸಿ. ಹೋದ ತಿಂಗಳ ವರದಿ ಲೆಕ್ಕಕ್ಕಿಲ್ಲ. 3.5ರೊಳಗಿದ್ದರೆ ಒಂದೆರಡು ಹಲ್ಲನ್ನು ಸರಳವಾಗಿ ಕೀಳಬಹುದು. ಹೆಚ್ಚಿದ್ದರೆ ವಾಲ್ವ್ ನೋಡುವ ಹೃದ್ರೋಗ ತಜ್ಞರೇ ಪ್ರಮಾಣ ಸರಿಪಡಿಸಬೇಕು. ವಾರದ ಆರಂಭದ ದಿನ, ಬೆಳಗಿನ ಸಮಯ ಆರಿಸಿ. ಸಂಜೆ ರಕ್ತ ಜಿನುಗಿದರೆ ಅದೇ ದಿನ ಮತ್ತೆ ತೋರಿಸಬಹುದು, ಶನಿವಾರ ಸಂಜೆಯ ಪೇಚಾಟ ತಪ್ಪುತ್ತದೆ. ಕಿತ್ತ ಜಾಗದಲ್ಲಿ ಜೆಲಟಿನ್ ಸ್ಪಂಜ್ ಇಟ್ಟು ಹೊಲಿಗೆ ಹಾಕಿ, ಗಾಜ್ ಬಟ್ಟೆಯನ್ನು ಅರ್ಧ ಗಂಟೆ ಕಚ್ಚಿ ಹಿಡಿಯಬೇಕು. ಐದೈದು ನಿಮಿಷಕ್ಕೆ ತೆಗೆದು ನೋಡಿದರೆ ಹೆಪ್ಪು ಕಿತ್ತು ಬರುತ್ತದೆ. ಟ್ರಾನೆಕ್ಸಾಮಿಕ್ ಆ್ಯಸಿಡ್ 5% ದ್ರಾವಣವನ್ನು ಬಾಯಲ್ಲಿ ಹಿಡಿದಿಡಲು ಕೊಡುವುದೂ ಉಂಟು. ಆ ದಿನ ಬಿಸಿ ಕಾಫಿ, ಸ್ಟ್ರಾ, ಜೋರಾಗಿ ಉಗುಳುವುದು ಬೇಡ. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ಹಲ್ಲಿನ ಸೋಂಕಿಗೆ ಸಾಮಾನ್ಯವಾಗಿ ಬರೆಯುವ ಮೆಟ್ರೊನಿಡಜೋಲ್, ಬಾಯಿ ಹುಣ್ಣಿಗೆ ಹಚ್ಚುವ ಮೈಕೊನಜೋಲ್ ಜೆಲ್ ಕೂಡ ಐಎನ್‌ಆರ್ ಏರಿಸುತ್ತವೆ. ಜೆಲ್ ತಾನೇ ಎಂದು ಅಲಕ್ಷ್ಯ ಬೇಡ.

ಎರಡನೆಯದು ಆ್ಯಂಟಿಬಯಾಟಿಕ್. ಕೃತಕ ವಾಲ್ವ್ ಇದ್ದವರ ಹಲ್ಲು ಕೀಳುವಾಗ ರಕ್ತಕ್ಕೆ ಸೇರುವ ಕ್ರಿಮಿ ವಾಲ್ವ್ ಮೇಲೆ ಕೂತರೆ ಎಂಡೊಕಾರ್ಡೈಟಿಸ್ (ಹೃದಯದ ಒಳಪದರ, ವಾಲ್ವ್‌ಗಳ ಸೋಂಕು) ಬರಬಹುದು. ಅದಕ್ಕೆ ಅಮಾಕ್ಸಿಸಿಲಿನ್ 2 ಗ್ರಾಂ, ಅಂದರೆ 500 ಮಿ.ಗ್ರಾಂ.ನ ನಾಲ್ಕು ಕ್ಯಾಪ್ಸುಲ್, 30ರಿಂದ 60 ನಿಮಿಷ ಮುಂಚೆ ಒಂದೇ ಸಲ. ಮರೆತಿದ್ದರೆ ಕಿತ್ತ ಎರಡು ಗಂಟೆಯೊಳಗೂ ಕೊಡಬಹುದು. ಐದು ದಿನದ ಕೋರ್ಸ್ ಇದಕ್ಕೆ ಬದಲಿಯಲ್ಲ, ಮುಖ್ಯವಾದದ್ದು ಕೀಳುವ ಹೊತ್ತಿಗೆ ರಕ್ತದಲ್ಲಿರುವ ಔಷಧ. ಪೆನಿಸಿಲಿನ್ ಒಗ್ಗದವರಿಗೆ ಅಜಿತ್ರೊಮೈಸಿನ್ 500 ಮಿ.ಗ್ರಾಂ. ಅಥವಾ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ಹಿಂದೆ ಕೊಡುತ್ತಿದ್ದ ಕ್ಲಿಂಡಾಮೈಸಿನ್ ಅನ್ನು 2021ರ ಅಮೆರಿಕದ ಮಾರ್ಗಸೂಚಿ ಕೈಬಿಟ್ಟಿದೆ. ವಸಡಿನ ಆಳದ ಕ್ಲೀನಿಂಗ್‌ಗೂ ಇದೇ ನಿಯಮ. ಹಲ್ಲಿನ ಎಕ್ಸ್‌ರೇಗೆ, ಕಟ್ಟಿಸಿಕೊಂಡ ಹಲ್ಲಿನ ಸೆಟ್ ಸರಿಪಡಿಸಲು ಬೇಡ.

ಒಂದು ಮಾತು ಗಮನಿಸಿ. 2008ರ ಒಂದು ಅಧ್ಯಯನದಲ್ಲಿ, ಔಷಧವಿಲ್ಲದೆ ಹಲ್ಲು ಕೀಳಿಸಿಕೊಂಡವರಲ್ಲಿ 60% ಜನರ ರಕ್ತದಲ್ಲಿ ಕ್ರಿಮಿ ಸಿಕ್ಕಿತು, ಅಮಾಕ್ಸಿಸಿಲಿನ್ ಪಡೆದವರಲ್ಲಿ 33%. ಬರೀ ಹಲ್ಲುಜ್ಜಿದವರಲ್ಲೂ 23%! ಹಲ್ಲು ಕೀಳುವುದು ಜೀವಮಾನದಲ್ಲಿ ಕೆಲವೇ ಸಲ, ಉಜ್ಜುವುದು ದಿನಾ. ಆದ್ದರಿಂದ ಅಮ್ಮನ ವಾಲ್ವ್‌ಗೆ ನಿತ್ಯದ ಕಾವಲು ಎಂದರೆ ರಕ್ತ ಬರದ ವಸಡು.

ಪ್ರಶ್ನೆ: ಮಗನಿಗೆ ರುಮ್ಯಾಟಿಕ್ ಜ್ವರದಿಂದ ವಾಲ್ವ್ ಸೋರುತ್ತಿದೆ, 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಇದೆ. ಹಲ್ಲಿಗೆ ಬೇರೆ ಆ್ಯಂಟಿಬಯಾಟಿಕ್ ಬೇಕೇ?
– ಓದುಗರು, ರಾಯಚೂರು

ಉತ್ತರ: ಅವನದೇ ವಾಲ್ವ್ ಆಗಿದ್ದು, ಹಿಂದೆ ಎಂಡೊಕಾರ್ಡೈಟಿಸ್ ಆಗಿರದಿದ್ದರೆ, ಅಮೆರಿಕದ ಮಾರ್ಗಸೂಚಿ ಬೇಡ ಎನ್ನುತ್ತದೆ. ಎಲ್ಲ ದೇಶಗಳೂ ಇದನ್ನು ಒಪ್ಪಿಲ್ಲ, ಹೃದ್ರೋಗ ತಜ್ಞರನ್ನು ಕೇಳಿಯೇ ತೀರ್ಮಾನಿಸಿ. ಕೊಡುವುದಾದರೆ ಅಮಾಕ್ಸಿಸಿಲಿನ್ ಬದಲು ಅಜಿತ್ರೊಮೈಸಿನ್‌ನಂಥ ಬೇರೆ ಜಾತಿಯದ್ದು ಬೇಕು: ಸದಾ ಪೆನಿಸಿಲಿನ್ ಪಡೆಯುವವರ ಬಾಯಿಯ ಕ್ರಿಮಿಗಳು ಅದಕ್ಕೆ ಒಗ್ಗಿಹೋಗಿರಬಹುದು. 21 ದಿನದ ಇಂಜೆಕ್ಷನ್ ಇರುವುದು ಮತ್ತೆ ರುಮ್ಯಾಟಿಕ್ ಜ್ವರ ಬರದಂತೆ ತಡೆಯಲು, ಹಲ್ಲಿನ ಕಾರಣಕ್ಕೆ ಅದನ್ನು ಮುಂದೂಡಬೇಡಿ.

ಪ್ರಶ್ನೆ: ಎಕೋದಲ್ಲಿ ಇಎಫ್ 60% ಎಂದಿದೆ. ಉಳಿದ 40% ಹೃದಯ ಕೆಟ್ಟಿದೆಯೇ? ಬ್ಲಾಕ್ ಇಲ್ಲವೆಂದು ನಂಬಬಹುದೇ? ಕ್ಯಾಲ್ಸಿಯಂ ಸ್ಕೋರ್ ಮಾಡಿಸಲೇ?
– ಓದುಗರು, ಬೆಂಗಳೂರು

ಉತ್ತರ: 60 ಒಳ್ಳೆಯ ಅಂಕೆ. ಎಡ ಕೆಳಕೋಣೆಯಲ್ಲಿ 100 ಮಿ.ಲೀ. ರಕ್ತ ತುಂಬಿದಾಗ 60 ಮಿ.ಲೀ. ಹೊರಹೋಗುತ್ತದೆ ಎಂದರ್ಥ. ಯಾರ ಹೃದಯವೂ ಪೂರ್ತಿ ಬರಿದಾಗುವುದಿಲ್ಲ. ಗಂಡಸರಲ್ಲಿ 52, ಹೆಂಗಸರಲ್ಲಿ 54ರಿಂದ ಮೇಲಿದ್ದರೆ ಸಹಜ.

ಆದರೆ ಹೃದಯದ ಅಲ್ಟ್ರಾಸೌಂಡ್ ಆದ ಎಕೋ ನೋಡುವುದು ಗೋಡೆ, ಬಾಗಿಲು: ಸ್ನಾಯು ಮತ್ತು ವಾಲ್ವ್. ಗೋಡೆಗೆ ನೀರು ತರುವ ಪೈಪಿನ ಒಳಗೆ ಅದು ಇಣುಕುವುದಿಲ್ಲ. 70% ಬ್ಲಾಕ್ ಇರುವವರ ಎಕೋ, ಸುಮ್ಮನೆ ಮಲಗಿದ್ದಾಗ, ಪೂರ್ತಿ ಸಹಜವಾಗಿ ಬರಬಹುದು. ನಡೆದಾಗ ಎದೆ ಬಿಗಿದು, ನಿಂತರೆ ಕಡಿಮೆಯಾಗುತ್ತಿದ್ದರೆ ಎಕೋ ವರದಿ ಹಿಡಿದು ಮನೆಯಲ್ಲಿ ಕೂರಬೇಡಿ.

ಕ್ಯಾಲ್ಸಿಯಂ ಸ್ಕೋರ್ ಎಂದರೆ ಬಣ್ಣದ ಔಷಧವಿಲ್ಲದೆ ತೆಗೆಯುವ ಸಿಟಿ. ನಾಳದ ಗೋಡೆಯ ಸುಣ್ಣವನ್ನು ಮಾತ್ರ ಎಣಿಸುತ್ತದೆ. ಅದು ಲಕ್ಷಣವಿಲ್ಲದವರಲ್ಲಿ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಶುರು ಮಾಡಬೇಕೋ ಬೇಡವೋ ಎಂಬ ಗೊಂದಲ ಬಿಡಿಸಲು ಉಪಯುಕ್ತ. ಸೊನ್ನೆ ಬಂದರೆ ಅಪಾಯ ಕಡಿಮೆ, 100 ದಾಟಿದರೆ ಔಷಧದ ಕಡೆ ವಾಲುತ್ತೇವೆ, 400 ದಾಟಿದರೆ ಸುಣ್ಣ ಬಹಳ. ಎದೆನೋವಿರುವ 40ರ ಹರೆಯದವರಲ್ಲಿ ಸೊನ್ನೆ ನಂಬಬಾರದು: ಮೆತ್ತನೆಯ ಕೊಬ್ಬಿನ ಗಡ್ಡೆಗೆ ಸುಣ್ಣ ಕಟ್ಟಿರುವುದಿಲ್ಲ. ಅಂಥವರಿಗೆ ಬಣ್ಣದ ಔಷಧ ಕೊಟ್ಟು ನಾಳಗಳ ಒಳಗನ್ನು ನೋಡುವ ಸಿಟಿ ಆಂಜಿಯೊ. ಅದಕ್ಕೆ ನಾಡಿ 60–65ಕ್ಕೆ ಇಳಿಯಬೇಕಾದ್ದರಿಂದ ಮೆಟೊಪ್ರೊಲಾಲ್ ಕೊಡುತ್ತಾರೆ, ಅಂದು ಕಾಫಿ ಬೇಡ. ನಾಲಿಗೆ ಕೆಳಗೆ ನೈಟ್ರೇಟ್ ಇಡುತ್ತಾರೆ. ಲೈಂಗಿಕ ದೌರ್ಬಲ್ಯಕ್ಕೆ ಕೊಡುವ ಸಿಲ್ಡೆನಾಫಿಲ್‌ನಂಥ ಮಾತ್ರೆ ನುಂಗಿದ್ದರೆ ಸಂಕೋಚ ಬಿಟ್ಟು ಹೇಳಿ, ಎರಡೂ ಸೇರಿದರೆ ಬಿಪಿ ಅಪಾಯಕಾರಿಯಾಗಿ ಕುಸಿಯುತ್ತದೆ. ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ವರದಿ ಜೊತೆಗಿರಲಿ. ಉಸಿರು ಹಿಡಿಯಲಾಗದವರ ಚಿತ್ರ ಮಸುಕಾಗುತ್ತದೆ, ಹಣ ಮಾತ್ರ ಪೂರ್ತಿ.

ಪ್ರಶ್ನೆ: ಗಂಟಲಿನ ಮೂಲಕ ಎಕೋ ಮಾಡಬೇಕೆಂದಿದ್ದಾರೆ. ಮುಂದಿನ ಹಲ್ಲು ಅಲ್ಲಾಡುತ್ತದೆ. ಹೇಳಬೇಕೇ?
– ಓದುಗರು, ಮಂಡ್ಯ

ಉತ್ತರ: ಖಂಡಿತ. ಟಿಇಇ ಎನ್ನುವ ಈ ಪರೀಕ್ಷೆಯಲ್ಲಿ ಹಲ್ಲಿನ ನಡುವೆ ಒಂದು ಬಳೆಯಂಥ ಬೈಟ್ ಬ್ಲಾಕ್ ಇಟ್ಟು ಅದರೊಳಗಿಂದ ಬೆರಳು ದಪ್ಪದ ಕೊಳವೆ ಇಳಿಸುತ್ತಾರೆ. ಅಲ್ಲಾಡುವ ಹಲ್ಲು ಕಿತ್ತು ಶ್ವಾಸನಾಳಕ್ಕೆ ಜಾರಬಹುದು. ಕಟ್ಟಿಸಿದ ಸೆಟ್ ತೆಗೆದಿಡಿ. ಆರು ಗಂಟೆ ಏನೂ ತಿನ್ನಬೇಡಿ. ವಾಲ್ವ್ ಸೋಂಕಿನ ಅನುಮಾನಕ್ಕೆ ಮಾಡುತ್ತಿದ್ದರೆ ಹಲ್ಲಿನ ನೆಪದಲ್ಲಿ ಮುಂದೂಡಬೇಡಿ: ಎದೆ ಮೇಲಿನ ಎಕೋಗೆ ತಪ್ಪಿಹೋಗುವ ಸಣ್ಣ ಸೋಂಕಿನ ಗಂಟುಗಳು ಇದರಲ್ಲಿ ಕಾಣುತ್ತವೆ.

ಪ್ರಶ್ನೆ: ಬಿಪಿ ಮಾತ್ರೆ ಶುರುವಾದ ಮೇಲೆ ವಸಡು ಊದಿ ಹಲ್ಲನ್ನು ಮುಚ್ಚುತ್ತಿದೆ.
– ಓದುಗರು, ಕಾರವಾರ

ಉತ್ತರ: ಮಾತ್ರೆ ಆ್ಯಮ್ಲೊಡಿಪಿನ್ ಇರಬಹುದು, ಚೀಟಿ ನೋಡಿ. ಕೆಲವರಲ್ಲಿ ಅದು ವಸಡನ್ನು ಬೆಳೆಸುತ್ತದೆ, ಪಾಚಿ ಇದ್ದಲ್ಲಿ ಹೆಚ್ಚು. ನೀವಾಗಿ ನಿಲ್ಲಿಸದೆ ವೈದ್ಯರಿಗೆ ತೋರಿಸಿದರೆ ಬೇರೆ ಜಾತಿಯ ಮಾತ್ರೆ ಕೊಡುತ್ತಾರೆ. ಕ್ಲೀನಿಂಗ್ ಜೊತೆಗೆ ಮಾತ್ರೆ ಬದಲಾದರೆ ಹಲವರಲ್ಲಿ ವಸಡು ತಾನೇ ಇಳಿಯುತ್ತದೆ. ಇಳಿಯದಿದ್ದರೆ ಕತ್ತರಿಸಬೇಕು, ಆದರೆ ಮಾತ್ರೆ ಬದಲಿಸದೆ ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ.

ಪ್ರಶ್ನೆ: ನಾನು ಬೋಧಕ. ದೂರದ ಕೇಂದ್ರಗಳ ವಿದ್ಯಾರ್ಥಿಗಳಿಗೆ ಎಕೋ ಮತ್ತು ವಸಡಿನ ತಪಾಸಣೆಯನ್ನು ವಿಡಿಯೊ ಮೂಲಕ ಕಲಿಸಬೇಕಿದೆ. ಏನು ಕೈಕೊಡುತ್ತದೆ?
– ಓದುಗರು, ಕಲಬುರಗಿ

ಉತ್ತರ: ನೋಡಿ ಕಲಿಯುವುದು ದೂರದಿಂದ ಸಾಧ್ಯ, ಮುಟ್ಟಿ ಕಲಿಯುವುದು ಕಷ್ಟ. ಎರಡನ್ನೂ ಬೇರೆ ಬೇರೆ ಪಾಠ ಮಾಡಿ. 2012ರಲ್ಲಿ ಹರಿಯಾಣದ ಸಿರ್ಸಾದ ಶಿಬಿರವೊಂದರಲ್ಲಿ ಸಾವಿರಕ್ಕೂ ಹೆಚ್ಚು ಜನರ ಎಕೋ ತೆಗೆದು, ಅಂತರ್ಜಾಲದ ಮೂಲಕ ಬೇರೆ ಬೇರೆ ದೇಶಗಳ ವೈದ್ಯರಿಂದ ಓದಿಸಿದ್ದರು. ಆದರೆ ಅಲ್ಲಿ ಎದೆಯ ಮೇಲಿಡುವ ಎಕೋ ಪ್ರೋಬ್ ಹಿಡಿದಿದ್ದವರು ಪಳಗಿದವರು. ದೂರದಲ್ಲಿದ್ದದ್ದು ಕಣ್ಣು ಮಾತ್ರ.

ಎಕೋಗೆ ಎರಡು ಚಿತ್ರ ಒಟ್ಟಿಗೆ ಕಾಣಬೇಕು: ಯಂತ್ರದ ಪರದೆ, ಮತ್ತು ವಿದ್ಯಾರ್ಥಿಯ ಕೈ. ಪರದೆಯತ್ತ ಮೊಬೈಲ್ ಹಿಡಿಯಬೇಡಿ, ಮಿನುಗು ಮತ್ತು ಪ್ರತಿಫಲನದಲ್ಲಿ ವಾಲ್ವ್ ಅಂಚು ಕಳೆದುಹೋಗುತ್ತದೆ. ಯಂತ್ರದ ಎಚ್‌ಡಿಎಂಐ ಕಿಂಡಿಯಿಂದ ಕ್ಯಾಪ್ಚರ್ ಸಾಧನದ ಮೂಲಕ ಲ್ಯಾಪ್‌ಟಾಪ್‌ಗೆ ತನ್ನಿ. ಮಾತು ತಲುಪಲು ಒಂದು ಸೆಕೆಂಡ್ ತಡವಾದರೂ ನೀವು ‘ಸಾಕು’ ಎನ್ನುವಷ್ಟರಲ್ಲಿ ಕೈ ಮುಂದೆ ಹೋಗಿರುತ್ತದೆ. ಅದಕ್ಕೆ ಒಂದು ಸಲಕ್ಕೆ ಒಂದೇ ಚಲನೆ, ಆಮೇಲೆ ಕಾಯುವುದು. ಶಬ್ದಗಳನ್ನು ಮೊದಲೇ ಗೊತ್ತು ಮಾಡಿ: ಜರುಗಿಸು, ವಾಲಿಸು, ತಿರುಗಿಸು, ಒತ್ತು. ‘ಸ್ವಲ್ಪ ಆಕಡೆ’ ಎಂಬ ಮಾತಿಗೆ ವಿಡಿಯೊ ಪಾಠದಲ್ಲಿ ಅರ್ಥವೇ ಇಲ್ಲ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಪ್ಯಾರಾಸ್ಟರ್ನಲ್ (ಎದೆಮೂಳೆಯ ಪಕ್ಕದ) ಉದ್ದದ ನೋಟದಲ್ಲಿ ಪ್ರೋಬಿನ ಗುರುತು ರೋಗಿಯ ಬಲ ಭುಜದತ್ತ, ಅಡ್ಡ ನೋಟದಲ್ಲಿ ಎಡ ಭುಜದತ್ತ. ಹೊಸಬರ ಹೆಚ್ಚಿನ ಕೆಟ್ಟ ಚಿತ್ರಗಳಿಗೆ ಕಾರಣ ಕೈಯಲ್ಲ, ರೋಗಿ ಅಂಗಾತ ಮಲಗಿರುವುದು ಮತ್ತು ಜೆಲ್ ಸಾಲದಿರುವುದು.

ಕಳಿಸುವ ಕ್ಲಿಪ್ ಮೂರು ಬಡಿತದಷ್ಟಿರಲಿ, ಇಸಿಜಿ ಗೆರೆ ಜೊತೆಗಿರಲಿ. ಯಂತ್ರ ಉಳಿಸುವ ಮೂಲ ಡೈಕಾಮ್ ಕಡತವನ್ನೇ ಕಳಿಸಿ. ವಾಟ್ಸ್‌ಆ್ಯಪ್ ವಿಡಿಯೊವನ್ನು ಹಿಂಡಿ ಚಿಕ್ಕದು ಮಾಡುವಾಗ ಬೇಗ ಅಲುಗುವ ಸಣ್ಣ ಗಂಟುಗಳೇ ಮೊದಲು ಮಾಯವಾಗುತ್ತವೆ. ಪರದೆಯ ಮೇಲಂಚಿನಲ್ಲಿ ಅಚ್ಚಾಗಿರುವ ರೋಗಿಯ ಹೆಸರು, ಆಸ್ಪತ್ರೆ ಸಂಖ್ಯೆಯನ್ನು ಅಳಿಸಿ. ಕಡತದ ಹೆಸರು ಬದಲಿಸಿದರೆ ಸಾಲದು. ಪಾಠಕ್ಕೆ ಬಳಸುವುದಕ್ಕೂ ರೋಗಿಯ ಒಪ್ಪಿಗೆ ಬೇರೆಯಾಗಿಯೇ ಬೇಕು.

ವಸಡಿನ ತಪಾಸಣೆಯಲ್ಲಿ ದೊಡ್ಡ ಸಮಸ್ಯೆ ಒತ್ತಡ. ಪ್ರೋಬನ್ನು 20–25 ಗ್ರಾಂ ಬಲದಲ್ಲಿ ಇಳಿಸಬೇಕು. ಹೆಚ್ಚು ಒತ್ತಿದರೆ ಆರೋಗ್ಯವಂತ ವಸಡಿನಲ್ಲೂ ರಕ್ತ ಬರುತ್ತದೆ, ಕಡಿಮೆ ಒತ್ತಿದರೆ 6 ಮಿ.ಮೀ. ಪಾಕೆಟ್ 4 ಎಂದು ದಾಖಲಾಗುತ್ತದೆ. ಇದು ಕ್ಯಾಮೆರಾದಲ್ಲಿ ಕಾಣುವುದೇ ಇಲ್ಲ. ಪರಿಹಾರ ಅಗ್ಗದ್ದು: ಪ್ರತಿ ಕೇಂದ್ರಕ್ಕೂ ಒಂದು ಅಡುಗೆಮನೆಯ ಡಿಜಿಟಲ್ ತಕ್ಕಡಿ. ಪ್ರೋಬಿನ ತುದಿಯನ್ನು ತಟ್ಟೆಯ ಮೇಲೆ ನೆಟ್ಟಗೆ ಒತ್ತಿ, ಅಂಕೆ ನೋಡದೆಯೇ 25ಕ್ಕೆ ನಿಲ್ಲುವ ತನಕ ಅಭ್ಯಾಸ. ಆಮೇಲೆ ಒಬ್ಬನೇ ರೋಗಿಯನ್ನು ಒಂದು ಗಂಟೆ ಬಿಟ್ಟು ಎರಡು ಸಲ ಅಳೆಯಲಿ. ಹತ್ತರಲ್ಲಿ ಒಂಬತ್ತು ಜಾಗದಲ್ಲಾದರೂ ವ್ಯತ್ಯಾಸ 1 ಮಿ.ಮೀ. ಒಳಗಿರಬೇಕು. ವಿಲಿಯಮ್ಸ್ ಪ್ರೋಬಿನಲ್ಲಿ 4 ಮತ್ತು 6ರ ಗೆರೆ ಇರುವುದಿಲ್ಲ, 3ರ ನಂತರ 5, ಆಮೇಲೆ 7. ವಿಡಿಯೊದಲ್ಲಿ ಗೆರೆ ಎಣಿಸಿ ತಪ್ಪುವವರು ಇಲ್ಲೇ ತಪ್ಪುತ್ತಾರೆ. ಕ್ಯಾಮೆರಾ ಗೆರೆಗೆ ಎದುರಾಗಿ ಇರಲಿ, ಓರೆಯಾದರೆ ಅರ್ಧ ಮಿಲಿಮೀಟರ್ ಮೋಸ. ಹಲ್ಲನ್ನು ಗಾಳಿಯಿಂದ ಒಣಗಿಸಿ, ಬಾಯಿಗನ್ನಡಿಯನ್ನು ಬಿಸಿನೀರಲ್ಲಿ ಅದ್ದಿ ಒರೆಸಿ, ಫೋನಿನ ಬ್ಯೂಟಿ ಫಿಲ್ಟರ್ ಆಫ್ ಮಾಡಿ. ಅದು ಕೆಂಪು ವಸಡನ್ನು ತಿಳಿಗುಲಾಬಿ ಮಾಡಿ ತೋರಿಸಿ ರೋಗವನ್ನೇ ಅಳಿಸಿಬಿಡುತ್ತದೆ.

ಪ್ರಶ್ನೆ: ಹಲ್ಲಿನ ಓಪಿಜಿ ಎಕ್ಸ್‌ರೇಯಲ್ಲಿ ‘ಕುತ್ತಿಗೆಯ ನಾಳದಲ್ಲಿ ಸುಣ್ಣವಿರಬಹುದು’ ಎಂದು ಬರೆದಿದ್ದಾರೆ. ಹಲ್ಲಿನವರಿಗೆ ಇದೇಕೆ?
– ಓದುಗರು, ಧಾರವಾಡ

ಉತ್ತರ: ಓಪಿಜಿ ಎಂದರೆ ಇಡೀ ದವಡೆಯ ಎಕ್ಸ್‌ರೇ. ಅದರ ಕೆಳ ಮೂಲೆಗಳಲ್ಲಿ, ದವಡೆಯ ಕೋನದ ಹಿಂದೆ, ಕುತ್ತಿಗೆಯ ಮೂರು-ನಾಲ್ಕನೇ ಎಲುಬಿನ ಮಟ್ಟ ಕಾಣುತ್ತದೆ. ಮಿದುಳಿಗೆ ರಕ್ತ ಒಯ್ಯುವ ಕೆರೊಟಿಡ್ ನಾಳ ಕವಲೊಡೆಯುವುದು ಅಲ್ಲೇ. ಅಲ್ಲಿನ ಬಿಳಿ ಚುಕ್ಕೆ ನಾಳದ ಸುಣ್ಣವಿರಬಹುದು, ಮೃದ್ವಸ್ಥಿಯದೋ ಲಾಲಾಗ್ರಂಥಿಯದೋ ಇರಬಹುದು. ಕುತ್ತಿಗೆಯ ಡಾಪ್ಲರ್ (ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್) ಮಾಡಿಸಿ, ಜೊತೆಗೆ ಬಿಪಿ, ಸಕ್ಕರೆ, ಕೊಲೆಸ್ಟರಾಲ್. ಡಾಪ್ಲರ್‌ಗೆ ಹೋಗುವಾಗ ಓಪಿಜಿ ಫಿಲ್ಮನ್ನೂ ಒಯ್ಯಿರಿ, ಯಾವ ಬದಿ ಎಂಬುದು ವರದಿಯಲ್ಲಿ ಹಲವು ಸಲ ಬಿಟ್ಟುಹೋಗಿರುತ್ತದೆ.